ತಡರಾತ್ರಿಯ ಸುದ್ದಿ ವಿಡಂಬನೆ: ಅದು ಹೇಗೆ ತಯಾರಾಗುತ್ತದೆ, ಜನ ಅದಕ್ಕೆ ಏಕೆ ಕಾಯುತ್ತಾರೆ

2025ರ ಜುಲೈ 17ರಂದು ಅಮೆರಿಕದ ಸಿಬಿಎಸ್ ವಾಹಿನಿಯು ಸ್ಟೀಫನ್ ಕೋಲ್ಬೇರ್ ನಡೆಸಿಕೊಡುತ್ತಿದ್ದ ತಡರಾತ್ರಿಯ ಹಾಸ್ಯ ಕಾರ್ಯಕ್ರಮವನ್ನು 2026ರ ಮೇ ತಿಂಗಳಲ್ಲಿ ಮುಗಿಸುವುದಾಗಿ ಪ್ರಕಟಿಸಿತು. ಇದು ಕೇವಲ ಹಣಕಾಸಿನ ಕಾರಣಕ್ಕೆ ತೆಗೆದುಕೊಂಡ ತೀರ್ಮಾನ ಎಂದು ವಾಹಿನಿ ಹೇಳಿತು. ಆದರೆ ವಾಹಿನಿಯ ಮಾತೃಸಂಸ್ಥೆಯು ಅಧ್ಯಕ್ಷ ಟ್ರಂಪ್ ಹೂಡಿದ್ದ ಮೊಕದ್ದಮೆಯಲ್ಲಿ 1.6 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡದ್ದನ್ನು ಕೋಲ್ಬೇರ್ ಅದೇ ವಾರ ತಮ್ಮ ಕಾರ್ಯಕ್ರಮದಲ್ಲಿಯೇ ಕಟುವಾಗಿ ಟೀಕಿಸಿದ್ದರಿಂದ, ಆ ವಿವರಣೆಯನ್ನು ಬಹಳಷ್ಟು ಜನ ಒಪ್ಪಲಿಲ್ಲ. ಎರಡು ತಿಂಗಳ ಬಳಿಕ, ಸೆಪ್ಟೆಂಬರ್ 17ರಂದು, ಎಬಿಸಿ ವಾಹಿನಿಯು ಜಿಮ್ಮಿ ಕಿಮ್ಮೆಲ್ ಅವರ ಕಾರ್ಯಕ್ರಮವನ್ನು ಅನಿರ್ದಿಷ್ಟ ಅವಧಿಗೆ ತಡೆಹಿಡಿದು, ಆರು ದಿನಗಳ ನಂತರ ಮತ್ತೆ ಆರಂಭಿಸಿತು.

ಈ ಎರಡೂ ಸುದ್ದಿಗಳು ನಮ್ಮಲ್ಲಿಗೂ ಬಂದವು. ದಾವಣಗೆರೆಯಂತಹ ಕಾಲೇಜುಗಳ ಊರಿನಲ್ಲಿ, ವಿದ್ಯಾನಗರದ ಬಾಡಿಗೆ ಕೋಣೆಗಳಲ್ಲಿ ಮತ್ತು ಹಾಸ್ಟೆಲುಗಳಲ್ಲಿ ಇರುವ ಹುಡುಗ ಹುಡುಗಿಯರು ಈ ಕಾರ್ಯಕ್ರಮಗಳ ತುಣುಕುಗಳನ್ನು ಮೊಬೈಲಿನಲ್ಲಿ ನೋಡುತ್ತಾರೆ, ಮನೆಯವರಿಗೂ ಕಳುಹಿಸುತ್ತಾರೆ. ಅದನ್ನು ನೋಡಿದ ಹಿರಿಯರು ಕೇಳುವ ಪ್ರಶ್ನೆ ಸಹಜವಾದದ್ದೇ: "ಇದು ಸುದ್ದಿನೋ, ನಾಟಕಾನೋ? ನಗಿಸೋನ ಪ್ರೋಗ್ರಾಮ್ ನಿಂತ್ರೆ ಅದು ಅಷ್ಟು ದೊಡ್ಡ ಸುದ್ದಿ ಯಾಕಪ್ಪ?" ಆ ಪ್ರಶ್ನೆಗೆ ಉತ್ತರ ಕೊಡಬೇಕಾದರೆ ಈ ಬಗೆಯ ಕಾರ್ಯಕ್ರಮ ಎಲ್ಲಿಂದ ಬಂತು, ಅದರೊಳಗೆ ಏನಿರುತ್ತದೆ, ಪ್ರತಿ ರಾತ್ರಿ ಅದನ್ನು ಕಟ್ಟುವುದು ಹೇಗೆ ಎಂಬುದನ್ನು ಬುಡದಿಂದ ನೋಡಬೇಕಾಗುತ್ತದೆ.

ಹಾಸ್ಯ ಬೇರೆ, ವಿಡಂಬನೆ ಬೇರೆ

ಕನ್ನಡದ ಕಿರುತೆರೆಯಲ್ಲಿ ಹಾಸ್ಯಕ್ಕೆ ಕೊರತೆಯಿಲ್ಲ. 'ಮಜಾ ಟಾಕೀಸ್', 'ಕಾಮಿಡಿ ಕಿಲಾಡಿಗಳು' ಮುಂತಾದ ಕಾರ್ಯಕ್ರಮಗಳನ್ನು ಮನೆಮಂದಿಯೆಲ್ಲ ಕೂತು ನೋಡಿದ್ದಾರೆ. ಅಲ್ಲಿಯ ನಗು ಗಂಡ ಹೆಂಡಿರ ಜಗಳ, ನೆರೆಮನೆಯವರ ಚೇಷ್ಟೆ, ವೇಷ, ಅನುಕರಣೆ ಇವುಗಳಿಂದ ಹುಟ್ಟುತ್ತದೆ. ಅದು ಇವತ್ತಿನ ದಿನಪತ್ರಿಕೆಯನ್ನು ಅವಲಂಬಿಸಿಲ್ಲ, ಐದು ವರ್ಷ ಬಿಟ್ಟು ನೋಡಿದರೂ ಅದೇ ರುಚಿ ಕೊಡುತ್ತದೆ. ವಿಡಂಬನೆ ಹಾಗಲ್ಲ. ಅಧಿಕಾರದಲ್ಲಿರುವವರ ನಡೆ ಮತ್ತು ನುಡಿಯ ನಡುವೆ ಇರುವ ಅಂತರವನ್ನು ನಗೆಯ ಮೂಲಕ ತೋರಿಸಿ, ನೋಡುವವರು ಆ ಬಗ್ಗೆ ಯೋಚಿಸುವಂತೆ ಮಾಡುವುದು ಅದರ ಉದ್ದೇಶ. ಹೀಗಾಗಿ ಅದಕ್ಕೆ ಗುರಿಯೊಂದು ಇರಲೇಬೇಕು, ಅದಕ್ಕೆ ದಿನಾಂಕವೂ ಇರುತ್ತದೆ.

ತಡರಾತ್ರಿಯ ಸುದ್ದಿ ವಿಡಂಬನೆ ಎಂದರೆ ದಿನದ ಸುದ್ದಿಯನ್ನೇ ಕಚ್ಚಾ ಸಾಮಗ್ರಿಯಾಗಿಸಿಕೊಂಡು, ಸುದ್ದಿವಾಚಕರ ಮೇಜು, ಹಿಂದಿನ ಚಿತ್ರಫಲಕ, 'ನಮ್ಮ ವರದಿಗಾರರು' ಎಂಬ ಏರ್ಪಾಡು ಇವೆಲ್ಲವನ್ನೂ ಹಾಗೆಯೇ ಇಟ್ಟುಕೊಂಡು ನಡೆಸುವ ಹಾಸ್ಯ ಕಾರ್ಯಕ್ರಮ. ಇದರಲ್ಲಿ ಎರಡು ಕವಲುಗಳಿವೆ. ಒಂದು ಹಳೆಯ ಮಾತುಕತೆಯ ಕಾರ್ಯಕ್ರಮದ ಕವಲು: ನಿರೂಪಕ ನಿಂತು ದಿನದ ಸುದ್ದಿಯ ಮೇಲೆ ಹತ್ತು ನಿಮಿಷ ನಗೆಮಾತು ಆಡಿ, ಆಮೇಲೆ ಕೂತು ಅತಿಥಿಗಳೊಂದಿಗೆ ಹರಟುತ್ತಾನೆ. ಕಿಮ್ಮೆಲ್ ಮತ್ತು 2015ರ ನಂತರದ ಕೋಲ್ಬೇರ್ ಈ ಸಾಲಿನವರು. ಇನ್ನೊಂದು ಸುದ್ದಿ ಪ್ರಸಾರವನ್ನೇ ಅಣಕಿಸುವ ಕವಲು. ವಿಡಂಬನೆಯ ನಿಜವಾದ ಬೆಳವಣಿಗೆ ಆದದ್ದು ಈ ಎರಡನೆಯದರಲ್ಲಿ.

ಎಲ್ಲಿಂದ ಬಂತು

ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ 'ದಿ ಟುನೈಟ್ ಶೋ' ಶುರುವಾದದ್ದು 1954ರಲ್ಲಿ. ಅದನ್ನು 1962ರಿಂದ 1992ರವರೆಗೆ ನಡೆಸಿದ ಜಾನಿ ಕಾರ್ಸನ್ ರಾಜಕಾರಣಿಗಳನ್ನು ಚುಚ್ಚುತ್ತಿದ್ದರಾದರೂ ಯಾವ ಪಕ್ಷದ ಪ್ರೇಕ್ಷಕನೂ ಮುನಿಸಿಕೊಳ್ಳದಷ್ಟು ಹಗುರವಾಗಿ. ಬ್ರಿಟನ್ನಿನಲ್ಲಿ ಇನ್ನೂ ಹರಿತವಾದ ಪ್ರಯೋಗ ನಡೆಯಿತು. ಬಿಬಿಸಿಯಲ್ಲಿ 1962ರ ನವೆಂಬರಿನಲ್ಲಿ ಆರಂಭವಾದ ಡೇವಿಡ್ ಫ್ರಾಸ್ಟ್ ಅವರ ವಾರದ ಕಾರ್ಯಕ್ರಮವೊಂದು ಮಂತ್ರಿಗಳನ್ನು ಹೆಸರು ಹಿಡಿದು ವಿಡಂಬಿಸಿತು. ಮರುವರ್ಷ ಸಾರ್ವತ್ರಿಕ ಚುನಾವಣೆ ಬರಲಿದೆ ಎಂಬ ಕಾರಣ ನೀಡಿ 1963ರ ಕೊನೆಯಲ್ಲಿ ಅದನ್ನು ನಿಲ್ಲಿಸಲಾಯಿತು. ಚುನಾವಣೆಯ ಹೊತ್ತಿನಲ್ಲಿ ನಗೆಗೆ ಅಂಜುವ ಅಭ್ಯಾಸ ಹೊಸದಲ್ಲ.

1975ರ ಅಕ್ಟೋಬರ್ 11ರಂದು ಆರಂಭವಾದ 'ಸ್ಯಾಟರ್ಡೇ ನೈಟ್ ಲೈವ್'ನಲ್ಲಿ ಹುಸಿ ವಾರ್ತಾ ಪ್ರಸಾರದ ಭಾಗವೊಂದಿತ್ತು, ಅದು ಇಂದಿಗೂ ಇದೆ. ಆದರೆ ಇಡೀ ಕಾರ್ಯಕ್ರಮವನ್ನೇ ಹುಸಿ ವಾರ್ತೆಯಾಗಿ, ವಾರಕ್ಕೆ ನಾಲ್ಕು ರಾತ್ರಿ ಕಟ್ಟಿದ್ದು 1996ರ ಜುಲೈಯಲ್ಲಿ ಕಾಮಿಡಿ ಸೆಂಟ್ರಲ್ ವಾಹಿನಿಯಲ್ಲಿ ಆರಂಭವಾದ 'ದಿ ಡೈಲಿ ಶೋ'. 1999ರಲ್ಲಿ ಜಾನ್ ಸ್ಟುವರ್ಟ್ ಅದರ ನಿರೂಪಕರಾದ ಮೇಲೆ ಸಿನಿಮಾ ತಾರೆಯರ ಗಾಸಿಪ್ಪು ಹಿಂದೆ ಸರಿದು, ರಾಜಕಾರಣ ಮತ್ತು ಅದನ್ನು ವರದಿ ಮಾಡುವ ಸುದ್ದಿ ವಾಹಿನಿಗಳ ನಡತೆ ಮುಂದೆ ಬಂತು. ಕೋಲ್ಬೇರ್, ಜಾನ್ ಆಲಿವರ್ ಇಬ್ಬರೂ ಅಲ್ಲಿ 'ವರದಿಗಾರ'ರಾಗಿ ಪಳಗಿದವರು. ಇಂದು ನಾವು ಮೊಬೈಲಿನಲ್ಲಿ ನೋಡುವ ಶೈಲಿಯ ಬಹುಪಾಲು ಸ್ಟುವರ್ಟ್ ಅಲ್ಲಿದ್ದ 2015ರವರೆಗಿನ ಹದಿನಾರು ವರ್ಷಗಳಲ್ಲಿ ರೂಪುಗೊಂಡದ್ದು.

ರಾತ್ರಿಯ ಹೊತ್ತೇ ಏಕೆ

ಅಮೆರಿಕದ ದೊಡ್ಡ ವಾಹಿನಿಗಳಲ್ಲಿ ರಾತ್ರಿ 8ರಿಂದ 11ರವರೆಗೆ ಧಾರಾವಾಹಿ, ಕ್ರೀಡೆ ಮುಂತಾದ ದುಬಾರಿ ಕಾರ್ಯಕ್ರಮಗಳು ನಡೆಯುತ್ತವೆ. 11ಕ್ಕೆ ಆಯಾ ಊರಿನ ಸ್ಥಳೀಯ ವಾರ್ತೆ, ಅದಾದ ಮೇಲೆ 11.35ರ ಸುಮಾರಿಗೆ ಈ ಕಾರ್ಯಕ್ರಮಗಳು. ವಾರ್ತೆ ನೋಡಿ ಮುಗಿಸಿದವನ ತಲೆಯಲ್ಲಿ ದಿನದ ವಿಷಯಗಳು ಇನ್ನೂ ಬಿಸಿಯಾಗಿರುವುದರಿಂದ ನಿರೂಪಕ ಪೀಠಿಕೆ ಹಾಕಬೇಕಾಗಿಲ್ಲ. ಮಕ್ಕಳು ಮಲಗಿರುತ್ತಾರೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಪ್ರಸಾರದ ಭಾಷೆಯ ಮೇಲಿನ ನಿಯಮವೂ ಅಲ್ಲಿ ಸಡಿಲವಾಗಿದೆ. ಜಾಹೀರಾತಿನ ದರ ಕಡಿಮೆಯಾದ್ದರಿಂದ ವಾಹಿನಿಗೆ ನಷ್ಟದ ಭಯವೂ ಕಡಿಮೆ. ಆದ್ದರಿಂದ ಹೊಸದನ್ನು ಮಾಡಿ ನೋಡಲು ಬಿಡುತ್ತಾರೆ.

ನ್ಯೂಯಾರ್ಕಿನ ರಾತ್ರಿ 11.35 ಎಂದರೆ ಬೇಸಿಗೆಯಲ್ಲಿ ನಮ್ಮ ಬೆಳಿಗ್ಗೆ 9.05, ಚಳಿಗಾಲದಲ್ಲಿ 10.05. ಅಲ್ಲಿ ಹಾಸಿಗೆಗೆ ಹೋಗುವ ಮುನ್ನ ನೋಡುವುದು ಇಲ್ಲಿ ಬೆಣ್ಣೆ ದೋಸೆಯ ಹೊತ್ತಿಗೆ ತುಣುಕುಗಳಾಗಿ ಬಂದು ಬೀಳುತ್ತದೆ. ಮಲಗುವ ಮುನ್ನ ದಿನದ ಭಾರ ಇಳಿಸಿಕೊಳ್ಳುವುದು ಆ ಕಾರ್ಯಕ್ರಮದ ಅರ್ಧ ಸುಖವಾದ್ದರಿಂದ, ಇಲ್ಲಿಯ ಪ್ರೇಕ್ಷಕನಿಗೆ ಆ ಅರ್ಧ ಸಿಗುವುದಿಲ್ಲ ಎಂದು ನನಗೆ ಅನ್ನಿಸುತ್ತದೆ.

ಒಂದು ನಗೆಯೊಳಗೆ ಏನಿರುತ್ತದೆ

ಸುದ್ದಿ ವಿಡಂಬನೆಯ ಪ್ರತಿ ನಗೆಯಲ್ಲೂ ಎರಡು ಭಾಗಗಳು ಇರುತ್ತವೆ. ಮೊದಲನೆಯದು ಸಂಗತಿ: ಇಂಥವರು ಇಂಥ ದಿನ ಹೀಗೆ ಹೇಳಿದರು, ಇಷ್ಟು ಹಣ ಖರ್ಚಾಯಿತು, ಇಂಥ ಆದೇಶ ಹೊರಟಿತು. ಎರಡನೆಯದು ತಿರುವು: ಆ ಸಂಗತಿಯನ್ನು ಅನಿರೀಕ್ಷಿತ ಕೋನದಿಂದ ತೋರಿಸುವ ಒಂದು ಮಾತು, ಒಂದು ಮುಖಭಾವ ಅಥವಾ ಇನ್ನೊಂದು ವಿಡಿಯೊ. ಸಂಗತಿ ಸುಳ್ಳಾದರೆ ತಿರುವಿಗೆ ಬಲವಿಲ್ಲ; ಜನ ನಗುವುದಿಲ್ಲ, ನಕ್ಕರೂ ಮರುದಿನ ನಂಬುವುದಿಲ್ಲ. ಆದ್ದರಿಂದಲೇ ಈ ಕಾರ್ಯಕ್ರಮಗಳಲ್ಲಿ ಸಂಗತಿಯನ್ನು ಪರಿಶೀಲಿಸುವವರೇ ಬೇರೆ ಇರುತ್ತಾರೆ.

ಇದರ ಅತಿ ಸರಳವೂ ಅತಿ ಪರಿಣಾಮಕಾರಿಯೂ ಆದ ರೂಪವೆಂದರೆ ಹಳೆಯ ಮಾತನ್ನು ಹೊಸ ಮಾತಿನ ಪಕ್ಕದಲ್ಲಿ ಇಡುವುದು. ನಮ್ಮ ಸೀಮೆಯ ಭದ್ರಾ ಮೇಲ್ದಂಡೆ ಯೋಜನೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಚಿತ್ರದುರ್ಗ ಜಿಲ್ಲೆಯವರು, ಜಗಳೂರಿನವರು ದಶಕಗಳಿಂದ ಇದರ ನೀರಿಗೆ ಕಾದಿದ್ದಾರೆ. 2023ರ ಫೆಬ್ರುವರಿ 1ರ ಕೇಂದ್ರ ಬಜೆಟ್‌ನಲ್ಲಿ ಇದಕ್ಕೆ 5,300 ಕೋಟಿ ರೂಪಾಯಿ ನೆರವು ಘೋಷಣೆಯಾಯಿತು. ಆ ಬಳಿಕ ಹಣ ಬಿಡುಗಡೆಯ ಬಗ್ಗೆ ಕೇಂದ್ರ ಮತ್ತು ರಾಜ್ಯದ ನಡುವೆ ವಾದ ಪ್ರತಿವಾದ ನಡೆಯುತ್ತಲೇ ಬಂದಿದೆ. ವಾರ್ತಾ ಪ್ರಸಾರವು ಇದನ್ನು ಹೇಗೆ ಹೇಳುತ್ತದೆ? ಸೋಮವಾರ ಒಬ್ಬರ ಹೇಳಿಕೆ, ಬುಧವಾರ ಇನ್ನೊಬ್ಬರ ತಿರುಗೇಟು, ಮುಂದಿನ ತಿಂಗಳು ಮತ್ತೊಂದು ಭರವಸೆ. ಪ್ರತಿಯೊಂದೂ ಆ ದಿನದ ಮಟ್ಟಿಗೆ ಸರಿಯಾದ ವರದಿಯೇ. ಇದೇ ವಿಷಯ ವಿಡಂಬನಕಾರನ ಕೈಗೆ ಸಿಕ್ಕಿತು ಎಂದು ಊಹಿಸಿಕೊಳ್ಳಿ. ಅವನು ಎಲ್ಲ ಪಕ್ಷಗಳ ನಾಯಕರು ಹಲವು ವರ್ಷಗಳಲ್ಲಿ ಈ ಕಾಲುವೆಯ ಬಗ್ಗೆ ಆಡಿದ ಮಾತುಗಳನ್ನು ಹುಡುಕಿ ತೆಗೆದು, ನಡುವೆ ಉಸಿರು ಬಿಡಲೂ ಸಮಯ ಕೊಡದೆ ಒಂದರ ಹಿಂದೊಂದು ಜೋಡಿಸುತ್ತಾನೆ. ಪರದೆಯ ಮೂಲೆಯಲ್ಲಿ ದಿನಾಂಕ ಮಾತ್ರ ಬದಲಾಗುತ್ತದೆ. ಹಾರ, ಶಾಲು, ವೇದಿಕೆ, ವಾಕ್ಯ ಅವೇ. ಕೊನೆಗೆ ನಿರೂಪಕ ಏನೂ ಹೇಳದೆ ಸುಮ್ಮನೆ ಕ್ಯಾಮೆರಾವನ್ನು ನೋಡುತ್ತಾನೆ. ನಗು ಅಲ್ಲಿ ಹುಟ್ಟುತ್ತದೆ, ಅವನು ಒಂದು ಶಬ್ದವನ್ನೂ ಬಳಸಿಲ್ಲ.

ಮಂಡಿಪೇಟೆಯ ಹಳೆಯ ಗುಮಾಸ್ತರಿಗೆ ಇದು ತಕ್ಷಣ ಅರ್ಥವಾಗುವ ವಿಷಯ. ಮಂಡಿಯಲ್ಲಿ ಕಿರ್ದಿ ಎಂಬ ಪುಸ್ತಕ ಬೇರೆ, ಖಾತೆ ಎಂಬ ಪುಸ್ತಕ ಬೇರೆ. ಕಿರ್ದಿಯಲ್ಲಿ ದಿನದ ವ್ಯವಹಾರ ಬಂದ ಕ್ರಮದಲ್ಲಿ ಬರೆದುಕೊಂಡು ಹೋಗುತ್ತಾರೆ. ಮರುದಿನಕ್ಕೆ ಹೊಸ ಪುಟ. ಖಾತೆಯಲ್ಲಾದರೋ ಒಬ್ಬ ಆಸಾಮಿಯ ಹೆಸರಿನ ಕೆಳಗೆ ಅವನ ಎಲ್ಲ ಪಡೆದದ್ದು ಕೊಟ್ಟದ್ದು ಒಂದೇ ಕಡೆ ಸೇರುತ್ತದೆ, ಹಿಂದಿನ ಬಾಕಿ ಎಷ್ಟೆಂದು ಕಣ್ಣಿಗೆ ಬೀಳುತ್ತದೆ. ವಾರ್ತೆಯು ಕಿರ್ದಿ, ವಿಡಂಬನೆಯು ಖಾತೆ. ಕಿರ್ದಿಯಿಲ್ಲದೆ ಖಾತೆ ಬರೆಯಲು ಬರುವುದಿಲ್ಲ ಎಂಬುದನ್ನೂ ಇಲ್ಲಿ ಹೇಳಲೇಬೇಕು. ವರದಿಗಾರರು ಬಿಸಿಲಲ್ಲಿ ನಿಂತು ತಂದ ಸುದ್ದಿಯ ಮೇಲೆಯೇ ಈ ಇಡೀ ಕಟ್ಟಡ ನಿಂತಿದೆ.

ಇನ್ನೊಂದು ತಂತ್ರ ವೇಷದ್ದು. ಕೋಲ್ಬೇರ್ 2005ರ ಅಕ್ಟೋಬರಿನಿಂದ 2014ರ ಡಿಸೆಂಬರಿನವರೆಗೆ ತಮ್ಮದೇ ಹೆಸರಿನ ಒಂದು ಪಾತ್ರವನ್ನು ಆಡಿದರು. ಗಟ್ಟಿ ದನಿಯಲ್ಲಿ, ತನ್ನ ಮಾತೇ ಕೊನೆ ಎಂಬಂತೆ ಅಬ್ಬರಿಸುವ ಬಲಪಂಥೀಯ ಚರ್ಚಾ ನಿರೂಪಕನ ಪಾತ್ರ ಅದು. ತಾನು ಯಾರನ್ನು ಟೀಕಿಸಬೇಕೋ ಅವರ ವಾದವನ್ನೇ ಅವರಿಗಿಂತ ಜೋರಾಗಿ ಮಂಡಿಸಿ, ಅದರ ತುದಿ ಮುಟ್ಟುವವರೆಗೆ ಎಳೆದುಕೊಂಡು ಹೋಗುವುದು ಆ ಪಾತ್ರದ ರೀತಿ.

ಹಾಸ್ಯವು 'ವಿಕೃತ'ವಾದದ್ದರಿಂದ, ಅಂದರೆ ಇರಬೇಕಾದ ರೀತಿಯಲ್ಲಿ ಇಲ್ಲದ ವೇಷ, ಮಾತು, ನಡತೆಗಳಿಂದ ಹುಟ್ಟುತ್ತದೆ ಎಂದು ಭರತನ ನಾಟ್ಯಶಾಸ್ತ್ರ ಹೇಳುತ್ತದೆ. ಮಾಮೂಲಿ ಹಾಸ್ಯಗಾರ ಆ ವಿಕಾರವನ್ನು ತನ್ನ ಮೈಮೇಲೆ ಹಾಕಿಕೊಳ್ಳುತ್ತಾನೆ. ವಿಡಂಬನಕಾರ ಅದನ್ನು ಗಣ್ಯರ ಗಂಭೀರ ಹೇಳಿಕೆಯೊಳಗೆ ಹುಡುಕಿ ತೋರಿಸುತ್ತಾನೆ.

ತೆರೆಯ ಹಿಂದಿನ ದಿನ

ತೆರೆಯ ಮೇಲೆ ಒಬ್ಬನೇ ಕಾಣುತ್ತಾನಾದರೂ ಇದು ಒಬ್ಬನ ಕೆಲಸವಲ್ಲ. ದಿನನಿತ್ಯದ ಕಾರ್ಯಕ್ರಮದಲ್ಲಿ ಬೆಳಿಗ್ಗೆಯೇ ಬರಹಗಾರರು, ನಿರ್ಮಾಪಕರು ಸಭೆ ಸೇರಿ ದಿನದ ವಿಷಯಗಳನ್ನು ಆರಿಸುತ್ತಾರೆ. ಸಂಶೋಧನಾ ವಿಭಾಗದವರು ಹಳೆಯ ವಿಡಿಯೊಗಳನ್ನು ಹುಡುಕಿ ಕೊಡುತ್ತಾರೆ. ಮಧ್ಯಾಹ್ನದೊಳಗೆ ಕರಡು, ಅದರ ಮೇಲೆ ತಿದ್ದುಪಡಿ, ನಂತರ ತಾಲೀಮು, ಮತ್ತೆ ತಿದ್ದುಪಡಿ. ಸಂಜೆ 6ರ ಸುಮಾರಿಗೆ ನೂರಾರು ಪ್ರೇಕ್ಷಕರ ಎದುರು ಚಿತ್ರೀಕರಣ, ರಾತ್ರಿ ಪ್ರಸಾರ. ಮರುದಿನ ಬೆಳಿಗ್ಗೆ ಎಲ್ಲವೂ ಸೊನ್ನೆಯಿಂದ ಶುರು.

ಬರಹಗಾರರ ಪಾಲು ಎಷ್ಟು ದೊಡ್ಡದೆಂದು ಜನರಿಗೆ ಗೊತ್ತಾದದ್ದು ಅವರು ಮುಷ್ಕರ ಹೂಡಿದಾಗ. 2023ರ ಮೇ 2ರಂದು ಅಮೆರಿಕದ ಚಿತ್ರ ಮತ್ತು ದೂರದರ್ಶನ ಬರಹಗಾರರು ಕೆಲಸ ನಿಲ್ಲಿಸಿದಾಗ ಎಲ್ಲಕ್ಕಿಂತ ಮೊದಲು ಕತ್ತಲಾದದ್ದು ತಡರಾತ್ರಿಯ ಕಾರ್ಯಕ್ರಮಗಳು. ಸಿನಿಮಾ, ಧಾರಾವಾಹಿಗಳಿಗೆ ತಿಂಗಳುಗಳ ದಾಸ್ತಾನು ಇರುತ್ತದೆ. ದಿನದ ವಿಡಂಬನೆಗೆ ದಾಸ್ತಾನು ಎಂಬುದೇ ಇಲ್ಲ. 148 ದಿನಗಳ ಮುಷ್ಕರ ಮುಗಿದ ಮೇಲಷ್ಟೇ ಅವು ಮರಳಿ ಬಂದವು.

ಜಾನ್ ಆಲಿವರ್ 2014ರ ಏಪ್ರಿಲಿನಿಂದ ಎಚ್‌ಬಿಒದಲ್ಲಿ ನಡೆಸುತ್ತಿರುವ ಕಾರ್ಯಕ್ರಮದ ರೀತಿ ಬೇರೆ. ಅದು ವಾರಕ್ಕೊಮ್ಮೆ ಬರುತ್ತದೆ, ನಡುವೆ ಜಾಹೀರಾತು ಇಲ್ಲ, ಒಂದೇ ವಿಷಯಕ್ಕೆ ಹದಿನೈದು ಇಪ್ಪತ್ತು ನಿಮಿಷ ಮೀಸಲು. ವಿಮೆ, ಜೈಲು, ಸಾಲ ವಸೂಲಿ ಇಂತಹ ಒಣ ವಿಷಯಗಳನ್ನು ಆರಿಸಿಕೊಂಡು ಕಾಗದಪತ್ರ ಸಮೇತ ವಿವರಿಸುತ್ತಾರೆ. 2014ರ ಜೂನ್ 1ರಂದು ಅಂತರ್ಜಾಲ ಸಮಾನತೆಯ ಕುರಿತು, ಅಂದರೆ ಇಂಟರ್ನೆಟ್ ಕಂಪನಿಗಳು ಕೆಲವು ಜಾಲತಾಣಗಳಿಗೆ ಮಾತ್ರ ವೇಗದ ದಾರಿ ಕೊಡಬಾರದು ಎಂಬ ತತ್ತ್ವದ ಕುರಿತು, ಅವರು ಮಾತನಾಡಿ, ಜನ ತಮ್ಮ ಅಭಿಪ್ರಾಯವನ್ನು ದೂರಸಂಪರ್ಕ ಮತ್ತು ಪ್ರಸಾರವನ್ನು ನಿಯಂತ್ರಿಸುವ ಅಲ್ಲಿಯ ಸರ್ಕಾರಿ ಸಂಸ್ಥೆಯಾದ ಒಕ್ಕೂಟ ಸಂವಹನ ಆಯೋಗಕ್ಕೆ ಬರೆಯಬೇಕೆಂದು ಕೇಳಿಕೊಂಡರು. ಮರುದಿನ ಆಯೋಗದ ಜಾಲತಾಣ ಬರಹಗಳ ಭಾರಕ್ಕೆ ತಡವರಿಸಿತು. 2015ರ ಫೆಬ್ರುವರಿಯಲ್ಲಿ ಆಯೋಗ ಆ ತತ್ತ್ವದ ಪರವಾದ ನಿಯಮಗಳನ್ನು ಅಂಗೀಕರಿಸಿತು. 2017ರಲ್ಲಿ ಅದೇ ಆಯೋಗ ಅವುಗಳನ್ನು ರದ್ದುಪಡಿಸಲು ಮತ ಹಾಕಿತು.

ಜನ ಏಕೆ ಕಾಯುತ್ತಾರೆ

ನಗು ಬೇಕೆಂದು ನೋಡುತ್ತಾರೆ ಎಂಬುದು ನಿಜ, ಆದರೆ ಅದು ಪೂರ್ತಿ ಉತ್ತರವಲ್ಲ. ನಗು ಬೇರೆ ಕಡೆಯೂ ಸಿಗುತ್ತದೆ. ಇಲ್ಲಿ ಸಿಗುವುದು ನೆನಪು. ದಿನವಿಡೀ ಓಡುವ ಸುದ್ದಿಯಲ್ಲಿ ನಿನ್ನೆಯದನ್ನು ಇಂದಿನದು ಒರೆಸಿ ಹಾಕುತ್ತದೆ, 'ಈ ಮನುಷ್ಯ ಹಿಂದೆ ಬೇರೆ ಏನೋ ಹೇಳಿದ್ದನಲ್ಲ' ಎಂಬ ಅನುಮಾನ ನೋಡುವವನ ಮನಸ್ಸಿನಲ್ಲಿ ಅರ್ಧಂಬರ್ಧ ಉಳಿಯುತ್ತದೆ. ಆ ಅನುಮಾನ ಸರಿ ಎಂದು ವಿಡಿಯೊ ಸಮೇತ ತೋರಿಸುವವನು ಸಿಕ್ಕಾಗ ಬರುವ ನಗುವಿನಲ್ಲಿ ಸಮಾಧಾನವೂ ಸೇರಿರುತ್ತದೆ. ತಾನೊಬ್ಬನೇ ಹಾಗೆ ಯೋಚಿಸುತ್ತಿಲ್ಲ ಎಂಬುದು ಸ್ಟುಡಿಯೊದ ಪ್ರೇಕ್ಷಕರ ನಗೆಯಿಂದ ಕಿವಿಗೆ ಬೀಳುತ್ತದೆ. 2020ರ ಮಾರ್ಚಿನಲ್ಲಿ ಕೊರೋನಾದ ಕಾರಣ ನಿರೂಪಕರು ತಮ್ಮ ಮನೆಗಳಿಂದಲೇ, ಪ್ರೇಕ್ಷಕರಿಲ್ಲದೆ ಕಾರ್ಯಕ್ರಮ ನಡೆಸಿದಾಗ ಅದೇ ಬಗೆಯ ಮಾತುಗಳು ಬೇರೆಯಾಗಿ ಕೇಳಿಸಿದ್ದನ್ನು ನೋಡಿದವರು ಬಲ್ಲರು.

ನಮ್ಮ ಬಯಲುಸೀಮೆಯ ದೊಡ್ಡಾಟದಲ್ಲಿ ಸಾರಥಿಯ ಪಾತ್ರವಿದೆ. ರಾಜ ಕಿರೀಟ, ಭುಜಕೀರ್ತಿ ಕಟ್ಟಿಕೊಂಡು ಕುಣಿಯುತ್ತ ಬಂದು "ಎಲೈ ಸಾರಥಿ" ಎಂದು ಗರ್ಜಿಸುತ್ತಾನೆ; ಸಾರಥಿ ಊರಿನ ಆಡುಮಾತಿನಲ್ಲಿ ಅವನ ಹೆಸರು, ಊರು, ಬಂದ ಕಾರಣ ಕೇಳುತ್ತಾನೆ. ರಾಜನ ಗ್ರಾಂಥಿಕ ಭಾಷೆ ಒಂದು ಕಡೆ, ಚಾಪೆಯ ಮೇಲೆ ಕೂತವರ ಭಾಷೆ ಇನ್ನೊಂದು ಕಡೆ. ನಡುವೆ ನಿಂತವನು ಸಾರಥಿ. ಅವನು ಕತೆಯೊಳಗೂ ಇರುತ್ತಾನೆ, ಹೊರಗೂ ಇರುತ್ತಾನೆ. ಜನ ಕೇಳಬೇಕೆಂದು ಅಂದುಕೊಂಡದ್ದನ್ನು ಅವನು ಕೇಳುತ್ತಾನೆ, ರಾಜನಿಗೆ ಉತ್ತರಿಸದೆ ವಿಧಿಯಿಲ್ಲ. ತಡರಾತ್ರಿಯ ನಿರೂಪಕ ನಿಂತಿರುವ ಜಾಗವೂ ಇದೇ. ಸುದ್ದಿವಾಚಕನ ಸೂಟು ಹಾಕಿಕೊಂಡಿದ್ದರೂ ಅವನು ಮಾತನಾಡುವುದು ಮನೆಯ ಜಗಲಿಯ ಮೇಲೆ ಕೂತವನ ಭಾಷೆಯಲ್ಲಿ.

ನಗೆಯೇ ಇಲ್ಲದ ಒಂದು ರಾತ್ರಿಯನ್ನು ಇಲ್ಲಿ ಹತ್ತಿರದಿಂದ ನೋಡುವುದು ಒಳ್ಳೆಯದು. 2001ರ ಸೆಪ್ಟೆಂಬರ್ 11ರ ದಾಳಿಯ ಬಳಿಕ ನ್ಯೂಯಾರ್ಕಿನ ಅವಶೇಷಗಳಲ್ಲಿ ದುಡಿದ ಅಗ್ನಿಶಾಮಕ ಸಿಬ್ಬಂದಿ ಮತ್ತು ಇತರ ಕಾರ್ಯಕರ್ತರಲ್ಲಿ ಅನೇಕರು ಅಲ್ಲಿಯ ಧೂಳು, ಹೊಗೆಯಿಂದ ಕಾಯಿಲೆ ಬಿದ್ದರು. ಅವರ ಚಿಕಿತ್ಸೆಗೆ ನೆರವು ನೀಡುವ ಮಸೂದೆ 2010ರ ಡಿಸೆಂಬರಿನಲ್ಲಿ ಸೆನೆಟ್‌ನಲ್ಲಿ ಸಿಕ್ಕಿಹಾಕಿಕೊಂಡಿತ್ತು, ದೊಡ್ಡ ವಾಹಿನಿಗಳು ಅದರತ್ತ ಹೆಚ್ಚಾಗಿ ಕಣ್ಣು ಹಾಯಿಸಿರಲಿಲ್ಲ. ಡಿಸೆಂಬರ್ 16ರಂದು ಸ್ಟುವರ್ಟ್ ಅಂತಹ ನಾಲ್ವರನ್ನು ಕರೆಸಿ, ಒಂದೇ ಮೇಜಿನ ಸುತ್ತ ಕೂರಿಸಿ, ಸೆನೆಟರುಗಳು ಆಡಿದ ಮಾತುಗಳ ವಿಡಿಯೊಗಳನ್ನು ಅವರಿಗೆ ತೋರಿಸಿ, ಅವರ ಉತ್ತರ ಕೇಳಿದರು. ಡಿಸೆಂಬರ್ 22ರಂದು ಮಸೂದೆ ಅಂಗೀಕಾರವಾಯಿತು. ಅದಕ್ಕೆ ಆ ಕಾರ್ಯಕ್ರಮವೊಂದೇ ಕಾರಣವೆಂದು ಹೇಳಲಾಗದು. ಅದಕ್ಕಾಗಿ ವರ್ಷಗಟ್ಟಲೆ ಓಡಾಡಿದವರಿದ್ದರು. ಆದರೆ ಪ್ರೇಕ್ಷಕ ಇಂತಹ ನಿರೂಪಕನನ್ನು ನಂಬುವುದು ಏಕೆಂದು ಆ ಒಂದು ರಾತ್ರಿ ತಿಳಿಸುತ್ತದೆ. 2009ರಲ್ಲಿ ಹಿರಿಯ ಸುದ್ದಿವಾಚಕ ವಾಲ್ಟರ್ ಕ್ರಾಂಕೈಟ್ ತೀರಿಕೊಂಡ ಬಳಿಕ 'ಟೈಮ್' ಪತ್ರಿಕೆ ತನ್ನ ಜಾಲತಾಣದಲ್ಲಿ ಈಗ ಅತ್ಯಂತ ನಂಬಿಕಸ್ಥ ಸುದ್ದಿವಾಚಕ ಯಾರು ಎಂದು ಕೇಳಿದಾಗ, ಅತಿ ಹೆಚ್ಚು ಮತ ಬಿದ್ದದ್ದು ಸ್ಟುವರ್ಟ್ ಅವರಿಗೆ. ಅದು ವೈಜ್ಞಾನಿಕ ಸಮೀಕ್ಷೆಯಾಗಿರಲಿಲ್ಲ, ಆದರೂ ಗಮನಿಸಬೇಕಾದ ಸೂಚನೆಯಾಗಿತ್ತು.

ನಗುವುದರಿಂದ ತಿಳಿವಳಿಕೆ ಬರುತ್ತದೆಯೇ

ಈ ಪ್ರಶ್ನೆಯನ್ನು ಸಂಶೋಧಕರು ಬಹಳ ಕಾಲದಿಂದ ಪರಿಶೀಲಿಸುತ್ತಿದ್ದಾರೆ, ಉತ್ತರ ಒಂದೇ ಕಡೆಗೆ ವಾಲುವುದಿಲ್ಲ. 2007ರಲ್ಲಿ ಪ್ಯೂ ಸಂಶೋಧನಾ ಕೇಂದ್ರ ನಡೆಸಿದ ಸಮೀಕ್ಷೆಯಲ್ಲಿ ಸ್ಟುವರ್ಟ್ ಮತ್ತು ಕೋಲ್ಬೇರ್ ಪ್ರೇಕ್ಷಕರು ಪ್ರಚಲಿತ ವಿದ್ಯಮಾನಗಳ ಪ್ರಶ್ನೆಗಳಿಗೆ ಉತ್ತರಿಸುವುದರಲ್ಲಿ ಮೇಲಿನ ಸಾಲಿನಲ್ಲಿದ್ದರು. ಆದರೆ ಮೊದಲೇ ಸುದ್ದಿ ಓದುವ ಅಭ್ಯಾಸವಿದ್ದವನಿಗೆ ಮಾತ್ರ ವಿಡಂಬನೆ ರುಚಿಸುತ್ತದೆ ಎಂಬುದೂ ಇದಕ್ಕೆ ಕಾರಣವಾಗಿರಬಹುದು. ಚುನಾವಣಾ ದೇಣಿಗೆಯ ಕಾನೂನಿನಲ್ಲಿರುವ ಸಂದುಗಳನ್ನು ತೋರಿಸಲು ಕೋಲ್ಬೇರ್ 2011ರಲ್ಲಿ ತಾವೇ ಒಂದು ದೇಣಿಗೆ ಸಂಗ್ರಹ ಸಮಿತಿಯನ್ನು ಕಾನೂನುಬದ್ಧವಾಗಿ ಸ್ಥಾಪಿಸಿ, ಅದರ ಪ್ರತಿ ಹೆಜ್ಜೆಯನ್ನೂ ತೆರೆಯ ಮೇಲೆ ನಡೆಸಿದರು. ಆ ಕಾರ್ಯಕ್ರಮ ನೋಡಿದವರಿಗೆ ದೇಣಿಗೆಯ ನಿಯಮಗಳ ಅರಿವು ವಾರ್ತೆ ನೋಡಿದವರಿಗಿಂತ ಚೆನ್ನಾಗಿ ಬಂದಿತ್ತು ಎಂದು ಅನಂತರದ ಅಧ್ಯಯನವೊಂದು ತೋರಿಸಿತು.

ಇದಕ್ಕೆ ಎದುರಾದ ಫಲಿತಾಂಶಗಳೂ ಇವೆ. 2006ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ 'ದಿ ಡೈಲಿ ಶೋ' ನೋಡಿದ ಯುವಜನರಲ್ಲಿ ತಮಗೆ ರಾಜಕೀಯ ಅರ್ಥವಾಗುತ್ತದೆ ಎಂಬ ಆತ್ಮವಿಶ್ವಾಸ ಹೆಚ್ಚಿತು, ಜೊತೆಗೇ ಅಭ್ಯರ್ಥಿಗಳ ಮತ್ತು ಚುನಾವಣಾ ವ್ಯವಸ್ಥೆಯ ಮೇಲಿನ ನಂಬಿಕೆ ಕುಗ್ಗಿತು. 2009ರಲ್ಲಿ ಒಹಾಯೊ ರಾಜ್ಯ ವಿಶ್ವವಿದ್ಯಾಲಯದ ಸಂಶೋಧಕರು ಕಂಡುಕೊಂಡದ್ದು ಇನ್ನೂ ಕುತೂಹಲಕರ. ಕೋಲ್ಬೇರ್ ಅವರ ಬಲಪಂಥೀಯ ಪಾತ್ರವನ್ನು ಉದಾರವಾದಿಗಳೂ ನೋಡಿ ನಕ್ಕರು, ಸಂಪ್ರದಾಯವಾದಿಗಳೂ ನೋಡಿ ನಕ್ಕರು. ಆದರೆ ಅವರು ತಮಾಷೆ ಮಾಡುತ್ತಿರುವಂತೆ ನಟಿಸುತ್ತಿದ್ದಾರೆ, ಒಳಗೆ ನಿಜವಾಗಿ ಅದನ್ನೇ ನಂಬುತ್ತಾರೆ ಎಂದು ಭಾವಿಸುವ ಒಲವು ಸಂಪ್ರದಾಯವಾದಿಗಳಲ್ಲಿ ಹೆಚ್ಚಾಗಿತ್ತು. ಒಂದೇ ಮಾತಿಗೆ ಇಬ್ಬರೂ ಒಟ್ಟಿಗೆ ನಕ್ಕು, ಇಬ್ಬರೂ ತಂತಮ್ಮ ಹಳೆಯ ಅಭಿಪ್ರಾಯದೊಂದಿಗೇ ಮನೆಗೆ ಹೋದರು. ವಿಡಂಬನೆ ಮನಸ್ಸನ್ನು ಬದಲಿಸುತ್ತದೆ ಎಂದು ನಂಬುವವರು ಈ ಅಧ್ಯಯನವನ್ನು ಮರೆಯಬಾರದು.

ಅದಲ್ಲದೆ ನಮ್ಮ ಕೈಗೆ ಬರುವುದು ಹೆಚ್ಚಾಗಿ ಒಂದು ನಿಮಿಷದ ತುಣುಕು. ತಿರುವು ಉಳಿದು ಸಂಗತಿ ಕತ್ತರಿಸಿಹೋಗಿರುತ್ತದೆ. ಹೊಸದಾಗಿ ನೋಡುವವರು ಸಾಧ್ಯವಾದಷ್ಟು ಪೂರ್ಣ ಭಾಗವನ್ನೇ ನೋಡಿ, ಅದರ ದಿನಾಂಕವನ್ನು ಗಮನಿಸಬೇಕೆಂದು ನಾನು ಒತ್ತಿ ಹೇಳುತ್ತೇನೆ.

ಅಧಿಕಾರ ಮತ್ತು ಕಾನೂನು

ಕಿಮ್ಮೆಲ್ ಪ್ರಕರಣ ಅರ್ಥವಾಗಬೇಕಾದರೆ ಅಲ್ಲಿಯ ಏರ್ಪಾಡನ್ನು ತಿಳಿಯಬೇಕು. ಎಬಿಸಿಯಂತಹ ವಾಹಿನಿಯ ಕಾರ್ಯಕ್ರಮವು ಆಯಾ ಊರಿನ ಪ್ರಸಾರ ಕೇಂದ್ರಗಳ ಮೂಲಕ ಮನೆಗೆ ತಲುಪುತ್ತದೆ. ಈ ಕೇಂದ್ರಗಳಿಗೆ ಪರವಾನಗಿ ಕೊಡುವುದು ಒಕ್ಕೂಟ ಸಂವಹನ ಆಯೋಗ. ಕೇಬಲ್ ವಾಹಿನಿಗಳಿಗೆ ಈ ಪರವಾನಗಿ ಬೇಕಿಲ್ಲ. 2025ರ ಸೆಪ್ಟೆಂಬರಿನಲ್ಲಿ ಬಲಪಂಥೀಯ ರಾಜಕೀಯ ಕಾರ್ಯಕರ್ತ ಚಾರ್ಲಿ ಕರ್ಕ್ ಹತ್ಯೆಯ ನಂತರದ ರಾಜಕೀಯದ ಬಗ್ಗೆ ಕಿಮ್ಮೆಲ್ ಆಡಿದ ಮಾತನ್ನು ಆಯೋಗದ ಅಧ್ಯಕ್ಷರು ಖಂಡಿಸಿ, ಕ್ರಮದ ಸೂಚನೆ ನೀಡಿದರು. ಅನೇಕ ಕೇಂದ್ರಗಳ ಒಡೆತನವಿರುವ ನೆಕ್ಸ್‌ಸ್ಟಾರ್ ಮತ್ತು ಸಿಂಕ್ಲೇರ್ ಕಂಪನಿಗಳು ಕಾರ್ಯಕ್ರಮವನ್ನು ಪ್ರಸಾರ ಮಾಡುವುದಿಲ್ಲ ಎಂದವು. ಎಬಿಸಿ ತಡೆಹಿಡಿಯಿತು. ವಿರೋಧ ವ್ಯಕ್ತವಾದ ಮೇಲೆ ಸೆಪ್ಟೆಂಬರ್ 23ರಂದು ಮರಳಿ ತಂದಿತು. ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1964 ಮತ್ತು 1988ರ ಎರಡು ತೀರ್ಪುಗಳಲ್ಲಿ ಸಾರ್ವಜನಿಕ ವ್ಯಕ್ತಿಗಳ ಟೀಕೆಗೂ ಅಣಕಕ್ಕೂ ಬಲವಾದ ರಕ್ಷಣೆ ಕೊಟ್ಟಿದೆ. ಆದರೆ ನ್ಯಾಯಾಲಯದ ರಕ್ಷಣೆ ಇದ್ದ ಮಾತ್ರಕ್ಕೆ ವ್ಯಾಪಾರದ ಅಂಜಿಕೆ ಹೋಗುವುದಿಲ್ಲ ಎಂಬುದು ಆ ವಾರ ಕಂಡುಬಂತು. ಕೇಳಿದ ಹಿರಿಯರಿಗೆ ಉತ್ತರ ಇದೇ: ಅಲ್ಲಿ ನಿಂತದ್ದು ನಗೆಯ ಕಾರ್ಯಕ್ರಮವಾದರೂ, ಸರ್ಕಾರದ ಒಂದು ಕಚೇರಿ ಕಣ್ಣು ಬಿಟ್ಟರೆ ಮಾತು ನಿಲ್ಲುತ್ತದೆಯೇ ಎಂಬ ಪ್ರಶ್ನೆ ಅದರ ಹಿಂದೆ ಇತ್ತು.

ಈಜಿಪ್ಟಿನಲ್ಲಿ ಆದದ್ದು ಇದಕ್ಕಿಂತ ಕಠಿಣ. ಹೃದಯ ಶಸ್ತ್ರಚಿಕಿತ್ಸಕ ಬಾಸೆಮ್ ಯೂಸೆಫ್ 2011ರ ಕ್ರಾಂತಿಯ ಬಳಿಕ ಮನೆಯಲ್ಲೇ ವಿಡಿಯೊ ಮಾಡಿ ಯೂಟ್ಯೂಬಿಗೆ ಹಾಕಿ, ಅಲ್ಲಿಂದ ಟಿವಿಗೆ ಬಂದು ಅರಬ್ ಜಗತ್ತಿನಲ್ಲೆಲ್ಲ ಹೆಸರಾದರು. 2013ರ ಮಾರ್ಚಿನಲ್ಲಿ ಅವರ ವಿರುದ್ಧ ಬಂಧನದ ಆದೇಶ ಹೊರಟಿತು. ಸರ್ಕಾರ ಬದಲಾದರೂ ಒತ್ತಡ ಬದಲಾಗಲಿಲ್ಲ. 2014ರ ಜೂನಿನಲ್ಲಿ ಕಾರ್ಯಕ್ರಮ ನಿಂತಿತು.

ಭಾರತದಲ್ಲಿ ಸಂವಿಧಾನದ 19(1)(ಎ) ವಿಧಿ ವಾಕ್ ಸ್ವಾತಂತ್ರ್ಯ ಕೊಡುತ್ತದೆ, 19(2) ವಿಧಿ ಅದಕ್ಕೆ ನ್ಯಾಯೋಚಿತ ನಿರ್ಬಂಧಗಳನ್ನು ಒಪ್ಪುತ್ತದೆ. ಮಾನಹಾನಿ ನಮ್ಮಲ್ಲಿ ಕ್ರಿಮಿನಲ್ ಅಪರಾಧವೂ ಹೌದು. ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನ ಅಡಿ ಎರಡು ವರ್ಷಗಳವರೆಗೆ ಸಾದಾ ಸಜೆಗೆ ಅವಕಾಶವಿದೆ. ವಿಡಂಬನಕಾರ ಕೊನೆಗೆ ಗೆಲ್ಲಬಹುದು, ಆದರೆ ಅಲ್ಲಿಯವರೆಗೆ ಕೋರ್ಟಿಗೆ ಅಲೆಯಬೇಕು.

ನಮ್ಮಲ್ಲಿ ಇದ್ದದ್ದು, ಇಲ್ಲದ್ದು

ದೇಶದ ಟಿವಿಗೆ ವಿಡಂಬನೆ ಅಪರಿಚಿತವಲ್ಲ. 1989ರಲ್ಲಿ ದೂರದರ್ಶನದಲ್ಲಿ ಜಸ್ಪಾಲ್ ಭಟ್ಟಿ ಸರ್ಕಾರಿ ಕಚೇರಿ, ಗುತ್ತಿಗೆ, ಲಂಚವನ್ನು ವಿಡಂಬಿಸಿದರು. 1997ರಿಂದ ಸೋನಿ ವಾಹಿನಿಯಲ್ಲಿ ಶೇಖರ್ ಸುಮನ್ ರಾತ್ರಿಯ ಮಾತುಕತೆ ನಡೆಸಿದರು. ಎನ್‌ಡಿಟಿವಿ ಇಂಡಿಯಾದಲ್ಲಿ ರಾಜಕಾರಣಿಗಳ ಗೊಂಬೆಗಳು ಮಾತನಾಡಿದವು.

ಕನ್ನಡದಲ್ಲಿ ಈ ಕೆಲಸ ನಡೆದದ್ದು ಪತ್ರಿಕೆ ಮತ್ತು ರಂಗದ ಮೇಲೆ. ರಾ.ಶಿ. ಅವರು 1942ರಲ್ಲಿ 'ಕೊರವಂಜಿ' ಆರಂಭಿಸಿದರು. ಕೆಲಕಾಲ ದಾವಣಗೆರೆ ಜಿಲ್ಲೆಗೆ ಸೇರಿದ್ದ ಹರಪನಹಳ್ಳಿಯಲ್ಲಿ 1913ರಲ್ಲಿ ಹುಟ್ಟಿದ ಬೀಚಿ ಅವರು ತಿಂಮನ ಬಾಯಿಂದ ಸಮಾಜದ ಸೋಗನ್ನು ಬಯಲಿಗೆಳೆದರು. ಮಾಸ್ಟರ್ ಹಿರಣ್ಣಯ್ಯನವರದು ತಡರಾತ್ರಿಯ ನಿರೂಪಕನಿಗೆ ಅತ್ಯಂತ ಹತ್ತಿರದ ಕಲೆ. 'ಲಂಚಾವತಾರ'ದ ಕತೆ ಒಂದೇ ಆದರೂ ಅದರ ಮಾತು ದಿನದ ರಾಜಕೀಯಕ್ಕೆ ತಕ್ಕಂತೆ ಬದಲಾಗುತ್ತಿತ್ತು. ನಾಟಕ ನಡೆಯುತ್ತಿರುವಾಗಲೇ ಅವರು ಪಾತ್ರದಿಂದ ಅರ್ಧ ಹೊರಗೆ ಬಂದು, ಆಳುವವರನ್ನು ಉದ್ದೇಶಿಸಿ ಮಾತನಾಡಿ, ಮತ್ತೆ ಪಾತ್ರದೊಳಗೆ ಹೋಗುತ್ತಿದ್ದರು. ದಾವಣಗೆರೆಯ ಚಿಂದೋಡಿ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿಯಂತಹ ಮೇಳಗಳನ್ನು ನೋಡಿ ಬೆಳೆದ ಪ್ರೇಕ್ಷಕರಿಗೆ ಕತೆಯ ನಡುವೆ ದಿನದ ಮಾತು ನುಸುಳುವುದು ಹೊಸದೇನಲ್ಲ.

ಹೀಗಿದ್ದೂ ಕನ್ನಡದ ವಾಹಿನಿಗಳಲ್ಲಿ ವರ್ಷಗಟ್ಟಲೆ ಪ್ರತಿ ರಾತ್ರಿ ನಡೆಯುವ ಸುದ್ದಿ ವಿಡಂಬನೆ ನೆಲೆಯೂರಲಿಲ್ಲ. ಪ್ರೇಕ್ಷಕರ ಅಭಿರುಚಿ ಇದಕ್ಕೆ ಅಡ್ಡಿಯೆಂದು ನಾನು ಒಪ್ಪುವುದಿಲ್ಲ. ನಾಟಕದ ಕಂಪನಿ ಟಿಕೆಟಿನ ಹಣದಿಂದ ಬದುಕುತ್ತಿತ್ತು. ವಾಹಿನಿ ಬದುಕುವುದು ಜಾಹೀರಾತಿನಿಂದ, ಅದರಲ್ಲಿ ಸರ್ಕಾರದ ಜಾಹೀರಾತೂ ಸೇರಿದೆ. ವಿಡಂಬಿಸಲ್ಪಡುವವರೇ ಮರುದಿನದ ಚರ್ಚೆಗೆ ಬರಬೇಕಾದ ಅತಿಥಿಗಳೂ ಆಗಿರುತ್ತಾರೆ. ಇನ್ನು ಮೊಬೈಲಿನಲ್ಲಿ ರಾಜಕಾರಣಿಗಳ ದನಿ ಅನುಕರಿಸುವ, ಸಿನಿಮಾ ದೃಶ್ಯಕ್ಕೆ ಅವರ ಮಾತು ಜೋಡಿಸುವ ಕನ್ನಡದ ಹುಡುಗರು ಬೇಕಾದಷ್ಟು ಜನ ಇದ್ದಾರೆ, ಅವರಲ್ಲಿ ಪ್ರತಿಭೆಯೂ ಇದೆ. ಆದರೆ ಅವರು ಮಾಡುತ್ತಿರುವುದು ತಿರುವಿನ ಭಾಗ. ಸಂಗತಿಯ ಭಾಗಕ್ಕೆ ಬೇಕಾದ ಹಳೆಯ ವಿಡಿಯೊಗಳ ಸಂಗ್ರಹ, ಅದನ್ನು ದಿನಾಂಕವಾರು ಹುಡುಕಿ ಕೊಡುವವರು, ಪ್ರಸಾರಕ್ಕೆ ಮುನ್ನ ಪ್ರತಿ ವಾಕ್ಯ ಓದಿ ನೋಡುವ ವಕೀಲರು ಒಬ್ಬೊಬ್ಬರೇ ದುಡಿಯುವವರಿಗೆ ಎಟಕುವುದಿಲ್ಲ. ರಾಜ್ಯ ವಿಧಾನಮಂಡಲದ ಕಲಾಪ ನೇರ ಪ್ರಸಾರವಾಗುತ್ತದೆ, ನಾಯಕರ ಸಭೆಗಳೆಲ್ಲ ಯೂಟ್ಯೂಬಿನಲ್ಲಿ ಸಿಗುತ್ತವೆ, ಭದ್ರಾ ಕಾಲುವೆಯ ಬಗ್ಗೆ ಆಡಿದ ಮಾತುಗಳೂ ಅಲ್ಲಿಯೇ ಇವೆ. ಅವುಗಳನ್ನು ತೆಗೆದು ಸಾಲಾಗಿ ಜೋಡಿಸಲು ನಾಲ್ಕೈದು ಜನರನ್ನು ಸಂಬಳ ಕೊಟ್ಟು ಕೂರಿಸಿಕೊಳ್ಳುವ ಒಂದು ವಾಹಿನಿ ಬೇಕಾಗಿದೆ.